ಆನಿಹೆಜ್ಜಿ

ಆಯಿಯ ಬೆನ್ನಮ್ಯಾಲ ಒಂದು ಆನಿ ನಡದು ಹೋಗಿತ್ತು.
ಕೆಂಪು ಕುಬಸ, ಹಸಿರು ಅಂಚು,
ಹೆಗಲಿನಿಂದ ನಡದ ತನಕ ಸಾಲು ಹೆಜ್ಜಿ.
"ಆನಿಹೆಜ್ಜಿ ಖಣ," ಅಂತಿದ್ಲು ಆಯಿ,
"ನಿಮ್ಮ ಮುತ್ಯಾ ನೇದದ್ದು."

ಹೆಜ್ಜಿ ಐತಿ. ಆನಿ ಎಲ್ಲಿ?
ಗುಳೇದಗುಡ್ಡದಾಗ ಯಾರೂ ಆನಿ ಕಂಡವರಿಲ್ಲ.
ಅಪ್ಪನ್ನ ಕೇಳಿದೆ. ಅವನ ಲಾಳಿ ನಿಲ್ಲಲಿಲ್ಲ,
ಖಟ್-ಪಟ್, ಖಟ್-ಪಟ್,
ಮಗ್ಗದ ಕುಣಿಯೊಳಗ ಕಾಲು ಹಲಗಿ ತುಳೀತಿದ್ವು.
"ಗುಡ್ಡಕ್ಕ ಹೋಗಿರಬೇಕು ತಗೋ,
ಮೊದಲು ಕಂಡಿಕಿ ಸುತ್ತು."

ನನಗ ಆಗ ಎಂಟು ವರ್ಷ.
ದೊಡ್ಡವರು ಸುಮ್ಮನ ಅಂದದ್ದನ್ನ
ಖರೇ ಅನಕೊಳ್ಳೂ ವಯಸ್ಸು.

ಮರುದಿನ ಐತವಾರ.
ಬಣ್ಣದ ಭಟ್ಟಿ ಮನಿಯ ಬಂದೇನವಾಜನ್ನ ಎಬ್ಬಿಸಿದೆ.
ಅವನ ಕೈ ಮೊಳಕೈ ತನಕ ನೀಲಿ.
ಕಿಸೆದಾಗ ಬೆಲ್ಲ, ಶೇಂಗಾ,
ಮತ್ತ ಅವರಪ್ಪನ ಅಳತಿ ಟೇಪು:
"ಆನಿ ಸಿಕ್ಕರ ಅಳೀಬೇಕಲ್ಲ?"
ನಾ ಒಂದು ರೊಟ್ಟಿ ತಂದಿದ್ದೆ. ಆನಿಗೆ.

ಕಡೀ ಓಣಿ ದಾಟಿದ ಮ್ಯಾಲ ಮಗ್ಗದ ಸಪ್ಪಳ ಕೇಳಸೂದಿಲ್ಲ.
ಹುಟ್ಟಿದಾಗಿಂದ ನನ್ನ ಕಿವಿಯೊಳಗ ಒಂದು ಮಗ್ಗ ನಡದಿತ್ತು ಅಂತ
ಅದು ನಿಂತಾಗ ತಿಳೀತು.
ಖಾಲಿಯಾದ ಜಾಗಾಕ್ಕ ಒಂದು ಬೆಳವ ಬಂದು ಕುಂತಿತು,
ಗುಟುರ್ರ್, ಗುಟುರ್ರ್.

ಶ್ರಾವಣದ ಮಳಿ ಆಗಷ್ಟ ಕೈ ತೊಳಕೊಂಡು ಹೋಗಿತ್ತು.
ಕಲ್ಲೆಲ್ಲ ಕೆಂಪಗ, ಬೆಂದ ಗಡಗಿಯಂಗ.
ಕವಳಿ ಕಂಟಿ ಲಂಗ ಹಿಡದು ಕೇಳಿತು, ಎಲ್ಲಿಗೆ?
ಓತಿಕ್ಯಾತ ಒಂದು ತಲಿ ಹಾಕಿತು, ಹೌದು ಹೌದು ಹೌದು,
ಅದನ್ನ ಯಾರೂ ಏನೂ ಕೇಳದಿದ್ದರೂ.

ಎರಡು ದೊಡ್ಡ ಕಲ್ಲಿನ ನಡುವ ಸಂದಿ ಬಂತು.
ಬಂದೇನವಾಜ ಹೊಟ್ಟಿ ಎಳಕೊಂಡು ನಿಂತ:
"ಸಾಂವಿ, ಇದರಾಗ ಆನಿ ಹೆಂಗ ಹೋಗಿರತೈತಿ?"
ಅದು ನ್ಯಾಯದ ಮಾತು.
ಆದರೂ ನಾ ಹೊಕ್ಕೆ.

ಕತ್ತಲ. ಬಾವಲಿ ವಾಸನಿ. ಎರಡೂ ಕಡೆ ಬೆವತ ಕಲ್ಲು.
ನನ್ನ ಎದಿ ಅಪ್ಪನ ಮಗ್ಗಕ್ಕಿಂತ ಜೋರು ಹೊಡಕೊಂಡಿತು.
ಹಾಸಿನ ನಡುವ ಹೊಕ್ಕಿನ ಎಳಿ ಹೋಗತೈತಲ್ಲ,
ಅದಕ್ಕೂ ಹಿಂಗ ಅನಸತಿರಬೇಕು.

ಆ ಕಡೆ ಬಯಲು, ಬೋಳು ಹಾಸುಗಲ್ಲು.
ಅದರ ಮ್ಯಾಲ
ಒಂದು, ಎರಡು, ನಾಕು, ಹನ್ನೊಂದು
ದುಂಡನ್ನ ಗುಂಡಿ, ಸಾಲಾಗಿ,
ಒಳಗ ಮಳಿನೀರು, ನೀರಾಗ ಗೊದಮೊಟ್ಟಿ.
"ಹೆಜ್ಜಿ!" ಅಂದ ಬಂದೇನವಾಜ, ದನಿ ಇಳಿಸಿ,
ಆನಿ ಇನ್ನೂ ಅಲ್ಲೇ ಎಲ್ಲೋ ಐತಿ ಅನ್ನೂವಂಗ.
ಟೇಪು ಹಾಕಿದ: ಇಪ್ಪತ್ತೆರಡು ಇಂಚು.

ಈಗ ಗೊತ್ತೈತಿ ನನಗ, ಅವು ದೊಣಿ,
ನೀರು ಗಾಳಿ ಸಾವಿರಾರು ವರ್ಷ ಕುಂತು ಕೊರದದ್ದು.
ಅವತ್ತ ಗೊತ್ತಿರಲಿಲ್ಲ. ಛಲೋ ಆತು.

ಕಡೀ ಹೆಜ್ಜಿಯ ಬಾಜೂಕ ರೊಟ್ಟಿ ಇಟ್ಟೆವು.
ಅದರ ಮುಂದ ಗುಡ್ಡ ಇರಲಿಲ್ಲ, ಬರೇ ಗಾಳಿ.
ಕೆಳಗ ಊರು, ಯಾರೋ ಬಿಸಲಿಗೆ ಒಣ ಹಾಕಿದ ಖಣದಂಗ.
ನಮ್ಮ ಮನಿ ಹುಡುಕಿದೆ. ಸಿಗಲಿಲ್ಲ.
ಅಂಜಿಕಿ ಬರಬೇಕಿತ್ತು,
ಬರಲಿಲ್ಲ.

ಕಾಲು ನೀರಾಗ ಅದ್ದಿ ಬಿಸಿ ಕಲ್ಲಿನ ಮ್ಯಾಲ ಇಟ್ಟೆ.
ಹನ್ನೆರಡನೇ ಹೆಜ್ಜಿ.
ನೋಡನೋಡತಾ ಹಿಮ್ಮಡದಿಂದ ಆರಕೋತ ಹೋತು,
ಕಡೀಕ ಉಳದದ್ದು ಹೆಬ್ಬೆರಳೊಂದು,
ಆಮ್ಯಾಲ ಅದೂ ಇಲ್ಲ.
ಮತ್ತ ಇಟ್ಟೆ.

ಸಂಜಿಗೆ ಎರಡೂ ಮನ್ಯಾಗ ಬೈಗುಳ.
(ಟೇಪು ಗುಡ್ಡದಾಗ ಉಳದಿತ್ತು.
ಈಗೂ ಅಲ್ಲೇ ಇರಬೇಕು, ಏನೇನ ಅಳೀತೈತೋ.)
ಬೈಸಿಕೊಂಡು ಮುಗದ ಮ್ಯಾಲ
ಮಗ್ಗದ ಕುಣಿಯ ಅಂಚಿಗೆ ಕುಂತು ಹೇಳಿದೆ:
"ಅಪ್ಪಾ, ಹುಡಿಗಿಹೆಜ್ಜಿ ಅಂತ ಒಂದು ಖಣ ನೇಯಿ."

ನಗತಾನ ಅನಕೊಂಡಿದ್ದೆ.
ಲಾಳಿ ನಿಂತಿತು.
ನನ್ನ ಕಾಲು ತನ್ನ ತೊಡಿಮ್ಯಾಲ ಇಟಕೊಂಡ,
ಧೂಳು ಒರಸಿದ,
ಎಳಿ ಎಣಿಸೂವಂಗ ಬೆರಳು ಎಣಿಸಿದ.
"ಐದು ಮಗ್ಗದಾಗ ಕೂಡೂದಿಲ್ಲವ್ವಾ.
ನಾಕು ಹಾಕ್ಲಿ?"

"ಐದು," ಅಂದೆ.

ಅಪ್ಪ ಸೀಸಕಡ್ಡಿ ಹುಡುಕಾಕ ಎದ್ದ.