ಕಾಜಾ

ಕೌಲ್ ಬಜಾರು, ಮಹಡಿ ಮೇಲಿನ ತಗಡಿನ ಶೆಡ್ಡು.
ಇಪ್ಪತ್ತೆರಡು ವರ್ಷದಿಂದ ನನ್ನದು ಕಾಜಾ ಮಿಷನ್ನು.
ದಿನಕ್ಕೆ ಎಂಟುನೂರು ಜೀನ್ಸ್ ಪ್ಯಾಂಟು,
ಪ್ಯಾಂಟಿಗೊಂದೇ ತೂತು.

ಹೋದ ಯುಗಾದಿಗೆ ಮುಖ ದುಂಡಗಾಯಿತು,
ಕತ್ತಿನ ಹಿಂದೆ ಮೆತ್ತೆ ಬಂತು.
"ಸುಂದ್ರಾಬಾಯಿಗೆ ಸುಖ ಬಂದೈತೆ" ಅಂದರು ಪಕ್ಕದ ಮಿಷನ್ನಿನವರು.
ನಾನೂ ನಂಬಿದೆ.
ಯಾವ ಸುಖ ಅಂತ ಹುಡುಕಿದೆ ಕೂಡ.
ಗಲ್ಲದ ಮೇಲೆ ಕೂದಲು ಮೂಡಿದಾಗ
ಬಾಗಿಲು ಹಾಕಿಕೊಂಡು ಹೊಲಿಗೆ ದಾರ ಸುತ್ತಿ ಕಿತ್ತೆ.
ಮತ್ತೆ ಬಂತು.
ಟೇಬಲ್ಲಿನ ಅಂಚು ತಗುಲಿದರೂ ಸಾಕು, ತೊಡೆಯಲ್ಲಿ
ವಾಷಿಂಗ್ ಯೂನಿಟ್ಟಿನ ಚರಂಡಿಯ ನೀಲಿ.

ಬಿ.ಪಿ. ನೋಡಿದ ನರ್ಸಮ್ಮ ಎರಡನೇ ಸಲ ಪಟ್ಟಿ ಸುತ್ತಿದಳು.
ಮೂರನೇ ಸಲಕ್ಕೆ ಬೇರೆಯವರನ್ನು ಕರೆದಳು.

ಡಾಕ್ಟರ್ ನುಸ್ರತ್ ಚೀಟಿಯ ಬೆನ್ನಿಗೆ
ಅವರೆಕಾಳಿನಂಥದ್ದೊಂದು ಬರೆದು
ತಲೆಗೊಂದು ಟೋಪಿ ಇಟ್ಟರು.
"ಇದು ಕಿಡ್ನಿ. ಈ ಟೋಪಿಯಲ್ಲಿ ಗಡ್ಡೆ. ನಾಲ್ಕು ಸೆಂಟಿಮೀಟರ್."
ಟೇಪು ಕೊರಳಲ್ಲೇ ಇತ್ತು. ಅಳೆದೆ:
ಸೊಂಟಪಟ್ಟಿಯ ಅಗಲ.

"ಹೊಟ್ಟೆ ಸೀಳಲ್ಲ. ನಾಲ್ಕು ತೂತು, ಒಂದರಲ್ಲಿ ಕ್ಯಾಮೆರಾ.
ಗಡ್ಡೆಯ ಸಿಪ್ಪೆ ಒಡೆಯಬಾರದು, ಒಡೆದರೆ ಬೀಜ ಚೆಲ್ಲಿದ ಹಾಗೆ.
ಒಡೆಯುತ್ತೆ ಅನ್ನಿಸಿದರೆ ಅಲ್ಲೇ ದೊಡ್ಡದಾಗಿ ತೆರೀತೀನಿ,
ಆಮೇಲೆ ಸಿಟ್ಟಾಗಬೇಡಿ."
ಈ ಕೊನೆಯ ಮಾತಿಗೇ ನಾನು ಸಹಿ ಹಾಕಿದ್ದು.

ಅಷ್ಟು ಸಣ್ಣ ತೂತಲ್ಲಿ ಅದು ಹೊರಗೆ ಹೆಂಗೆ ಬರ್ತೈತೆ?
"ಒಳಗೇ ಒಂದು ಚೀಲ ಬಿಚ್ಚಿ, ಅದರಲ್ಲಿ ಹಾಕಿ, ಬಾಯಿ ಬಿಗಿದು..."
ಜೇಬು, ಅಂದೆ.
ಜೇಬು, ಅಂದರು.

ನಮ್ಮ ಮಿಷನ್ನು ಮೊದಲು ಹೊಲಿಯುತ್ತದೆ,
ಆಮೇಲೆ ಬ್ಲೇಡು ಬೀಳುತ್ತದೆ.
ಅಂಚು ಭದ್ರವಾಗದೆ ತೂತಿಲ್ಲ.
ಅವರದು ಉಲ್ಟಾ.
ನಡುವೆ ಮೂರು ತಾಸು
ಅಂಚಿಲ್ಲದ ಬಟ್ಟೆ ನಾನು.

ಎಡಗಡೆಯದು ಹೋಯಿತು. ಬಲಗಡೆಯದು ಇನ್ನೂ ಎದ್ದಿಲ್ಲವಂತೆ.
ಅದೊಂದೇ ಎಲ್ಲ ಮಾಡ್ತಿದ್ದಾಗ ಇದು ಮಲಗಿಬಿಟ್ಟಿತ್ತಂತೆ,
ಥೇಟ್ ನಮ್ಮ ಮನೆಯವರು.
ಏಳುವ ತನಕ ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು ಗುಳಿಗೆ.
ಮನೆಯವರು ಮಾತ್ರ ಎದ್ದಿದ್ದಾರೆ. ಚಹಾ ಮಾಡ್ತಾರೆ.
ಸಕ್ಕರೆ ಜಾಸ್ತಿ.

ಮುಖ ಇಳಿದಿದೆ. ಶೆಡ್ಡಿನಲ್ಲಿ ಕೇಳುತ್ತಾರೆ:
"ಯಾಕಕ್ಕ ಸೊರಗಿದಿ, ಏನು ಕಷ್ಟ?"
ಮೂರು ತಿಂಗಳಿಗೊಮ್ಮೆ ಸ್ಕ್ಯಾನು, ಅದರ ಹಿಂದಿನ ರಾತ್ರಿ
ಫ್ಯಾನಿನ ಶಬ್ದ ಎಣಿಸುತ್ತ ಮಲಗುತ್ತೇನೆ.

ಸ್ನಾನದ ಮನೆಯಲ್ಲಿ ಸೆರಗು ಸರಿಸಿ ನೋಡಿದೆ.
ನಾಲ್ಕರಲ್ಲಿ ಒಂದು, ಪಕ್ಕೆಲುಬಿನ ಕೆಳಗಿನದು,
ಎಳೆಯಷ್ಟು ಸೊಟ್ಟ.
ನನ್ನ ಹುಡುಗಿಯರು ಹೀಗೆ ಮಾಡಿದ್ದರೆ ವಾಪಸು ಕಳಿಸುತ್ತಿದ್ದೆ.
ಹೆಬ್ಬೆರಳಲ್ಲಿ ಒಮ್ಮೆ ಸವರಿದೆ.
ಪಾಸು.