ಅಕ್ಷರದ ಹಲ್ಲು, ಅಂಕಿಯ ಹಲ್ಲು

ಅರಸೀಕೆರೆ. ಕೊಬ್ಬರಿ ಮಂಡಿಯ ಮೇಲಿನ ಮಹಡಿ.
ಫಿಲೋಮಿನಾ ಡಾಕ್ಟರ ಹಲ್ಲಿನ ಆಸ್ಪತ್ರೆಯಲ್ಲಿ
ಹತ್ತೊಂಬತ್ತು ವರ್ಷದಿಂದ ನಾನು
ಕಾರ್ಡು ಬರೆಯುವವಳು, ಲೋಟಕ್ಕೆ ನೀರು ಹಿಡಿಯುವವಳು,
ದೀಪ ಬಗ್ಗಿಸುವವಳು, ಒದೆಯುವ ಕಾಲು ಅದುಮುವವಳು.

ಇವತ್ತು ಬೀರು ಜಾಡಿಸುವಾಗ ಕೈಗೆ ಬಂತು
ನಾಲ್ಕುನೂರ ಹದಿನೇಳು.
ಮೂಲೆಯನ್ನು ಜಿರಲೆ ಸವಿದಿದೆ.
ಟಿ. ಓಬಳಾಂಬಿಕೆ. ತಂದೆ ತಿಪ್ಪೇಸ್ವಾಮಿ, ಗ್ಯಾಂಗ್‌ಮನ್.
ವಯಸ್ಸು ಒಂದು ವರ್ಷ ಹತ್ತು ತಿಂಗಳು.

ಆವತ್ತು ಕುರ್ಚಿಯೇ ಬೇಕಾಗಲಿಲ್ಲ.
ಅಮ್ಮನ ಮಂಡಿಗೆ ಡಾಕ್ಟರ ಮಂಡಿ ಆನಿಸಿ
ನಡುವೆ ಮಗುವನ್ನು ಅಂಗಾತ ಮಲಗಿಸಿದೆವು.
ಬಾಯಿ ತೆರೆ ಅನ್ನಬೇಕಾಗಲೂ ಇಲ್ಲ,
ಅಳುವೇ ತೆರೆಯಿತು.
ಮುಂದಿನ ನಾಲ್ಕು ಹಲ್ಲಿನ ಬುಡದಲ್ಲಿ
ಸುಣ್ಣದ ಕಡ್ಡಿ ಎಳೆದಂತೆ ಬಿಳಿ ಗೆರೆ.

'ರಾತ್ರಿ ಬಾಟಲಿಗೆ ಏನು ಹಾಕ್ತೀರಿ?'
'ಹಾಲು. ಎರಡು ಚಮಚ ಸಕ್ಕರೆ.
ಅವರದ್ದು ನೈಟ್ ಡ್ಯೂಟಿ. ಇವಳು ಅತ್ತರೆ
ಪಕ್ಕದ ಕ್ವಾರ್ಟರ್ಸಿನವರು ಗೋಡೆ ಬಡೀತಾರೆ.'
'ಹಾಲುಹಲ್ಲು ತಾನೆ ತಾಯಿ, ಬಿದ್ದೋಗ್ತದೆ,' ಅಜ್ಜಿ ನಡುವೆ ಬಂತು.
ಡಾಕ್ಟರು ಕೈಗವಸು ಕಳಚುತ್ತಾ,
'ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕ್ತೀರಲ್ಲಜ್ಜಿ,
ಇದೂ ಅಷ್ಟೇ. ಬರೋ ಹಲ್ಲಿಗೆ ಜಾಗ ಹಿಡಿದಿದೆ.
ಟವೆಲ್ ಎತ್ತಿಬಿಟ್ಟರೆ?'
ಅಜ್ಜಿಗೆ ಬಸ್ಸು ಅರ್ಥವಾಯಿತು.

ನಮ್ಮ ಕಾರ್ಡಲ್ಲಿ ಹಾಲುಹಲ್ಲಿಗೆ ಅಕ್ಷರ,
ಎ ಬಿ ಸಿ ಡಿ ಇ.
ಉಳಿಯುವ ಹಲ್ಲಿಗೆ ಅಂಕಿ.
ಸ್ಲೇಟಿನಲ್ಲಿ ಅಕ್ಷರ ಮೂಡುವ ವರ್ಷವೇ
ಬಾಯೊಳಗಿನ ಅಕ್ಷರ ಅಲ್ಲಾಡತೊಡಗುತ್ತದೆ.

ಮೊದಲ ಎ ಬಿದ್ದ ಮರುದಿನ ಮೆಟ್ಟಿಲು ಹತ್ತಿ ಬಂದಳು,
ಬೊಚ್ಚುಬಾಯಿ, ಏದುಸಿರು.
ಸಗಣಿ ಉಂಡೆಯಲ್ಲಿಟ್ಟು ಹೆಂಚಿಗೆ ಎಸೆಯಬೇಕಂತೆ.
ಕ್ವಾರ್ಟರ್ಸಿಗೆ ಹೆಂಚೆಲ್ಲಿ?
ಅಪ್ಪ ಗೂಡ್ಸ್ ಗಾಡಿಯ ನೆತ್ತಿಗೆ ಎಸೆದನಂತೆ.
'ಶಾಹೀನಕ್ಕಾ, ನನ್ನ ಹಲ್ಲು ಹುಬ್ಬಳ್ಳಿಗೆ ಹೋಯ್ತು!'

ಅದೇ ವರ್ಷ ಆರು ಬಂತು,
ಯಾವುದನ್ನೂ ಬೀಳಿಸದೆ, ಯಾರಿಗೂ ಹೇಳದೆ
ಹಿಂದಿನ ಬೆಂಚಲ್ಲಿ ಕೂತ ಹುಡುಗನ ಹಾಗೆ.
ಅದೂ ಹಾಲುಹಲ್ಲೆಂದೇ ಎಷ್ಟೋ ಅಮ್ಮಂದಿರ ಲೆಕ್ಕ.
ಗೀರುಗಳಿಗೆ ಡಾಕ್ಟರು ಅರಗು ತುಂಬಿದರು,
ನೀಲಿ ಬೆಳಕು ಹಿಡಿದದ್ದು ನಾನು.

ಹನ್ನೊಂದು. ಖೋಖೋ. ಕಂಬಕ್ಕೆ ಬಾಯಿ.
ಪಿ.ಟಿ. ಮೇಷ್ಟ್ರು ಓಡಿ ಬಂದರು,
ಒಂದು ಕೈಯಲ್ಲಿ ಹುಡುಗಿ, ಇನ್ನೊಂದರಲ್ಲಿ ಕೆತ್ತಿದ ಎಳನೀರು.
ಬಗ್ಗಿ ನೋಡಿದರೆ
ತಿಳಿನೀರಿನ ತಳದಲ್ಲಿ ಬೇರುಸಮೇತ ಒಂದು ಹಲ್ಲು.
'ಹಾಲಾದರೆ ಇನ್ನೂ ಒಳ್ಳೇದಿತ್ತು ಮೇಷ್ಟ್ರೇ.
ಬೇರು ಉಜ್ಜಲಿಲ್ಲ ತಾನೆ?'
'ಮುಟ್ಟಿಯೂ ಇಲ್ಲ ಮೇಡಂ. ಭಯ.'
ಆ ಭಯವೇ ಉಳಿಸಿತು.
ತೆಳು ತಂತಿಯಿಂದ ಅಕ್ಕಪಕ್ಕದ ಹಲ್ಲಿಗೆ ಕಟ್ಟಿದರು.
ಮೇಷ್ಟ್ರು ಹೊರಗೆ ಕೂತು
ಖಾಲಿ ಬುರುಡೆ ಹಿಡಿದೇ ಇದ್ದರು.

ಹದಿನಾಲ್ಕಕ್ಕೆ ಕ್ಲಿಪ್ಪು, ಚೀಟಿ ಎತ್ತಿದ ದುಡ್ಡಲ್ಲಿ.
ನಗುವಾಗ ಅಂಗೈ ಅಡ್ಡ.
ಬ್ರಷ್ಷು ಮಾಡದ್ದಕ್ಕೆ ಒಸಡು ಕೆಂಪು,
ಕೇಳಿದರೆ ಮೌನ.
ಒಂದು ದಿನ ಡಾಕ್ಟರು ಅಂದರು,
'ಅಮ್ಮ, ನೀವು ಸ್ವಲ್ಪ ಹೊರಗಿರಿ.'
ಬಾಗಿಲು ಹಾಕಿದವಳು ನಾನೇ.
ಮುಂದಿನ ಅರ್ಧ ಗಂಟೆಗೆ ಕಾರ್ಡಲ್ಲಿ ಒಂದೂ ಸಾಲಿಲ್ಲ.
ನನಗೆ ಗೊತ್ತು. ಹೇಳುವುದಿಲ್ಲ.

ಹೋದ ತಿಂಗಳು ಬಂದಿದ್ದಳು, ಹದಿನೇಳು ತುಂಬಿ,
ಕ್ಲಿಪ್ಪಿಲ್ಲ, ಅಂಗೈಯೂ ಇಲ್ಲ.
ಆ ಒಂದು ಹಲ್ಲು ಮಾತ್ರ ಬೂದಿಬಣ್ಣಕ್ಕೆ ತಿರುಗಿದೆ.
'ಬಿಳಿ ಮಾಡೋಣವಾ?'
'ಬೇಡ ಡಾಕ್ಟರೇ. ಇದು ಎಳನೀರಿಂದು.'

ಅಕ್ಷರಗಳಿಗೆಲ್ಲ ಗೆರೆ ಬಿದ್ದಿದೆ.
ನಾಲ್ಕು ಮೂಲೆಯಲ್ಲೂ ಎಂಟರ ಮನೆ ಖಾಲಿ,
ಬುದ್ಧಿಹಲ್ಲು, ಬಂದಾಗ ಬರಲಿ.
ಕಾರ್ಡನ್ನು ದೊಡ್ಡವರ ಅರೆಗೆ ಇಟ್ಟೆ.
ಕೆಳಗೆ ಗೂಡ್ಸ್ ಹೊರಟಿತು.
ಟ್ರೇಯಲ್ಲಿದ್ದ ಪುಟ್ಟ ಕನ್ನಡಿಗಳು
ಸಣ್ಣಗೆ ಹಲ್ಲು ಕಟಕಟಿಸಿದವು.