ಮೂರನೆಯ ಬಟ್ಟಲು

ಕುತೈಸಿಯಲ್ಲಿ, ರಿಯೋನಿ ಹೊಳೆಯ ಸದ್ದು ಏರಿ ಬರುವ ಮಾಳಿಗೆಯಲ್ಲಿ
ಮೂರನೆಯ ಬಟ್ಟಲು ಸತ್ತವರದು.
ಅಮ್ಮ ಹೋಗಿ ನಲವತ್ತನೆಯ ದಿನ.
ಗೊದೆರ್ಜಿ ಎದ್ದು ನಿಂತ.
ಯಾರ ಮನೆಯ ಪಂಕ್ತಿಗೂ ಅವನೇ ತಮಾದ, ಮಾತಿನ ಯಜಮಾನ.
ಕೊಂಬಿನ ತುಂಬ ಕಪ್ಪು ದ್ರಾಕ್ಷಾರಸ, ಒಂದು ಹನಿ ತುಳುಕಲಿಲ್ಲ.

ಎಷ್ಟು ಚೆಂದ ಮಾತಾಡಿದ, ಲಮಾರಾ, ನಿನ್ನ ಗಂಡ!
ಅಮ್ಮ ಅವನ ಹಾಡಿಗೆ ತಲೆದೂಗಿದ್ದು,
ಅವನ ಅಂಗಿಗೆ ಗುಂಡಿ ಹೊಲಿದು ಹಲ್ಲಲ್ಲಿ ದಾರ ಕಡಿದದ್ದು,
ಆಸ್ಪತ್ರೆಯಲ್ಲಿ ಕಟ್ಟಕಡೆಗೆ
ಅವನ ಹೆಸರನ್ನೇ ಕರೆದದ್ದು.
ಮೇಜಿನ ಉದ್ದಕ್ಕೂ ಕರವಸ್ತ್ರಗಳು ಎದ್ದವು.
ನಾನೂ ಅತ್ತೆ.
ಅತ್ತು ಮೂಗೊರೆಸಿಕೊಂಡ ಮೇಲೆ ನೆನಪಾಯಿತು,
ಆಸ್ಪತ್ರೆಗೆ ಅವನು ಬಂದೇ ಇರಲಿಲ್ಲ.

ನಿನ್ನನ್ನೂ ಬಿಡಲಿಲ್ಲ.
ಅದೇ ರಾತ್ರಿ ಅವನಿಗೆ ಎದೆನೋವು.
ಪರೀಕ್ಷಿಸಿದ ವೈದ್ಯೆ ಗ್ಯಾಸು ಅಂದಳು.
ಅವಳ ಮೇಲೆ ಎರಡು ಪುಟ ದೂರು ಬರೆದ.

ತಿರುಗಿ ನಿನ್ನನ್ನು ನೋಡಿದೆ.
ನೀನು ಅವನನ್ನು ನೋಡುತ್ತಿರಲಿಲ್ಲ,
ಅವನನ್ನು ನೋಡುವವರನ್ನು ನೋಡುತ್ತಿದ್ದೆ,
ಒಬ್ಬೊಬ್ಬರ ಮುಖದಲ್ಲೂ
ಅವನಿಗೆ ಸಾಲುವಷ್ಟು ಇದೆಯೋ ಇಲ್ಲವೋ ಎಂದು,
ಉರಿ ತಗ್ಗಿಸುವ ಮೊದಲೇ ಹಾಲು ಉಕ್ಕೀತೆಂದು ನಿಂತವಳ ಹಾಗೆ.
ಕೊನೆಯಲ್ಲಿ ಕೂತ ಹುಡುಗನೊಬ್ಬ ಆಕಳಿಸಿದ.
ನಿನ್ನ ಭುಜ ಕಿವಿಯವರೆಗೆ ಏರಿತು.
ಆ ಆಕಳಿಕೆಯ ಬೆಲೆ
ಮನೆಗೆ ಹೋದ ಮೇಲೆ ತೆರುವವಳು ನೀನೇ ಅಲ್ಲವೆ?

ಗೆಳತಿ ಎಲಿಸೋ ಮನೋವೈದ್ಯೆ.
ಇದಕ್ಕೊಂದು ಹೆಸರಿರಬಹುದು, ಆದರೆ
ಕಾಣದವನಿಗೆ ನಾನು ಹೆಸರಿಡಲಾರೆ ಅಂದಳು.
ಬೇಡ, ಇಡುವುದು ಬೇಡ.
ಉಪ್ಪು ಕೇಳುವಾಗಲೂ ಕ್ಷಮೆ ಕೇಳಿದಂತಿರುವ
ನಿನ್ನ ದನಿಗೆ ಏನನ್ನುತ್ತಾರೆ, ಅದನ್ನು ಹೇಳಲಿ.
ಮದುವೆಯ ವರ್ಷ ಅವನು
ನಿನ್ನಂಥವಳು ಈ ಲೋಕದಲ್ಲೇ ಇಲ್ಲ ಅಂದಿದ್ದ.
ಈಗ ನಿಜಕ್ಕೂ ಇಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ.
ಹದಿನೇಳು ವರ್ಷ
ನಿನ್ನ ಅಂಗೈಯೇ ಅವನ ಕನ್ನಡಿಯಾಗಿರುವಾಗ
ಹುಣ್ಣು ಕಾಣುವುದಾದರೂ ಎಲ್ಲಿ?

ಅಡುಗೆಮನೆಯಲ್ಲಿ ನೀನು ಬಟ್ಟಲು ತೊಳೆಯುತ್ತಿದ್ದೆ.
ತಲೆಯೆತ್ತದೆ ಕೇಳಿದೆ,
"ಅಮ್ಮ ಕೊನೆಗೆ ಯಾರನ್ನು ಕರೆದಳು?"
"ನಿನ್ನನ್ನು."
ನಲ್ಲಿ ಸುರಿಯುತ್ತಲೇ ಇತ್ತು.

ಪಡಸಾಲೆಯಲ್ಲಿ ಹಾಡು ಶುರುವಾಗಿ, ನಡುವೆ ನಿಂತು,
"ಲಮಾರಾ!" ಎಂದಿತು.
ಮತ್ತೊಮ್ಮೆ, ನಗುನಗುತ್ತ, ಎಲ್ಲರೂ ಕೇಳುವಂತೆ, "ಲಮಾರಾ!"

ತೊಳೆದಾಗಿದ್ದ ಬಟ್ಟಲೊಂದನ್ನು
ನೀನು ಮತ್ತೆ ಕೈಗೆತ್ತಿಕೊಂಡೆ,
ನಿಧಾನವಾಗಿ ತೊಳೆಯತೊಡಗಿದೆ.